ಲೀಕ್ ತೊಳೆದರೂ ಪಲ್ಯದಲ್ಲಿ ಮಣ್ಣು ಸಿಗುತ್ತದೆ, ಏನು ಮಾಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ. ಭಾನುವಾರ ದೇವರಾಜ ಮಾರುಕಟ್ಟೆಯಿಂದ ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯ ಮೂರು ದಂಟು ತಂದಿದ್ದೆ. ಒಂದನ್ನು ಈರುಳ್ಳಿ ಸೊಪ್ಪಿನಂತೆಯೇ ನಲ್ಲಿಯ ಕೆಳಗೆ ತೊಳೆದು, ಬಿಲ್ಲೆಗಳಾಗಿ ಹೆಚ್ಚಿ, ಜೋರು ಉರಿಯಲ್ಲಿ ಹುರಿದು ಪಲ್ಯ ಮಾಡಿದೆ. ಮೊದಲ ತುತ್ತಿಗೇ ಹಲ್ಲಿಗೆ ಮಣ್ಣು ಸಿಕ್ಕಿತು, ಕೆಂಪಾದ ಚೂರುಗಳು ಕಹಿಯಾಗಿದ್ದವು, ಹಸಿರು ಭಾಗವಂತೂ ಎಷ್ಟು ಅಗಿದರೂ ನಾರಾಗಿಯೇ ಉಳಿಯಿತು. ನಮ್ಮ ಅತ್ತೆಯವರು ಅದನ್ನು ತಟ್ಟೆಯ ಅಂಚಿಗೆ ಸರಿಸಿಬಿಟ್ಟರು. ಉಳಿದ ಎರಡನ್ನು ಹೇಗೆ ಬಳಸಲಿ, ಎಷ್ಟು ದಿನ ಇಡಬಹುದು? ದಯವಿಟ್ಟು ತಿಳಿಸಿ.

ಉತ್ತರ (ಮಂಡ್ಯ):
ಅಕ್ಕ, ಮಣ್ಣು ಹೊರಗಲ್ಲ, ಒಳಗಿರುತ್ತದೆ. ನಮ್ಮ ಕಡೆ ಕಬ್ಬು ಬೀಳದಿರಲೆಂದು ಬುಡಕ್ಕೆ ಮಣ್ಣು ಏರಿಸುತ್ತಾರಲ್ಲ, ಲೀಕ್‌ಗೂ ಹಾಗೆಯೇ ಏರಿಸುತ್ತಾರೆ. ಆದರೆ ಅಲ್ಲಿ ಉದ್ದೇಶ ಬೇರೆ, ಬಿಸಿಲು ತಾಗದೆ ದಂಟು ಬೆಳ್ಳಗೆ, ಎಳೆಯದಾಗಿ ಉಳಿಯಲಿ ಎಂದು. ಆ ದಂಟು ಕೂಡ ಬಾಳೆಯ ದಂಟಿನಂತೆ ಪಟ್ಟೆಯ ಮೇಲೆ ಪಟ್ಟೆ ಸುತ್ತಿಕೊಂಡದ್ದು, ಆದ್ದರಿಂದ ಏರಿಸಿದ ಮಣ್ಣು ಎಲೆ ಕವಲೊಡೆಯುವಲ್ಲಿಂದ ಸಂದುಗಳಿಗೆ ಇಳಿದು ಕೂರುತ್ತದೆ. ಬೇರನ್ನೂ ಗಡುಸಾದ ಕಡುಹಸಿರು ತುದಿಯನ್ನೂ ಕತ್ತರಿಸಿ, ದಂಟನ್ನು ಉದ್ದಕ್ಕೆ ಸೀಳಿ, ಪಟ್ಟೆಗಳನ್ನು ಬೆರಳಿನಿಂದ ಬಿಡಿಸುತ್ತ ತೊಳೆಯಿರಿ. ಇನ್ನೂ ಅನುಮಾನವಿದ್ದರೆ ಹೆಚ್ಚಿದ ಮೇಲೆ ಅಗಲವಾದ ಪಾತ್ರೆಯ ನೀರಿನಲ್ಲಿ ಕದಡಿ ಬಿಡಿ. ಚೂರುಗಳು ತೇಲುತ್ತವೆ, ಮಣ್ಣು ತಳಕ್ಕಿಳಿಯುತ್ತದೆ. ಚೂರುಗಳನ್ನು ಕೈಯಿಂದ ಮೇಲಕ್ಕೆತ್ತಿಕೊಳ್ಳಬೇಕು, ಪಾತ್ರೆಯನ್ನು ಬಗ್ಗಿಸಿ ಬಸಿದರೆ ಮಣ್ಣು ಮತ್ತೆ ಅವುಗಳ ಮೇಲೆಯೇ ಬೀಳುತ್ತದೆ.

ಉತ್ತರ (ಸರಸ್ವತಿಪುರಂ, ಮೈಸೂರು):
ಇಡುವುದಾದರೆ ತೊಳೆಯದೆ, ಹೆಚ್ಚದೆ, ಸಡಿಲವಾಗಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಿ. ಒಂದು ವಾರ ಧಾರಾಳವಾಗಿ ಚೆನ್ನಾಗಿರುತ್ತದೆ. ಹೆಚ್ಚಿ, ನೀರಾರಿಸಿ ಫ್ರೀಜರಿನಲ್ಲಿಟ್ಟರೆ ಎರಡು ಮೂರು ತಿಂಗಳು ಸಾರು, ಸೂಪಿಗೆ ಬಳಸಬಹುದು, ಆದರೆ ಮೆತ್ತಗಾಗುವುದರಿಂದ ಪಲ್ಯಕ್ಕೆ ಒಗ್ಗುವುದಿಲ್ಲ. ಕಡುಹಸಿರು ಎಲೆಗಳನ್ನು ಎಸೆಯಬೇಡಿ, ನೀರಿನಲ್ಲಿ ಕುದಿಸಿ ಸೋಸಿದರೆ ಸೂಪಿಗೆ ಒಳ್ಳೆಯ ಕಟ್ಟು ಸಿಗುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಮಾತ್ರ ಚೂರನ್ನೂ ಹಾಕಬಾರದು, ಈರುಳ್ಳಿ ಜಾತಿಯ ಯಾವುದೂ ಅವುಗಳಿಗೆ ವಿಷ.

ಉತ್ತರ (ಶ್ರೀರಂಗಪಟ್ಟಣ):
ಕಹಿಗೆ ಕಾರಣ ನಿಮ್ಮ ಜೋರು ಉರಿ. ಲೀಕ್‌ನ ರುಚಿಯೆಲ್ಲ ಅದರ ನವಿರಾದ ಸಿಹಿಯಲ್ಲಿದೆ, ಅದನ್ನು ಈರುಳ್ಳಿಯಂತೆ ಕೆಂಪಗೆ ಹುರಿಯುವುದು ಅದಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಬಾಡಿಸಿ. ಚೂರು ಸೌಟಿನ ಒತ್ತಿಗೆ ಬಿಟ್ಟುಕೊಳ್ಳುವಷ್ಟು ಮೆತ್ತಗಾದರೆ ಹದ ಬಂತು. ಅದಕ್ಕೆ ಬೇಯಿಸಿದ ಆಲೂಗಡ್ಡೆ ಸೇರಿಸಿ ಅರೆದರೆ ಸೂಪು. ನಮ್ಮ ಮನೆಯಲ್ಲಿ ಸಬ್ಬಸಿಗೆ ಸೊಪ್ಪು ಸಿಗದ ದಿನ ಎಳೆಯ ಲೀಕನ್ನು ಸಣ್ಣಗೆ ಹೆಚ್ಚಿ, ಹಸಿಮೆಣಸಿನಕಾಯಿ, ಜೀರಿಗೆ, ತೆಂಗಿನತುರಿಯೊಂದಿಗೆ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸುತ್ತೇವೆ. ಲೀಕ್ ನೀರು ಬಿಡುವುದರಿಂದ ಹಿಟ್ಟಿಗೆ ನೀರು ಕಡಿಮೆಯೇ ಇರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಈಗಷ್ಟೇ ಒಂದನ್ನು ಸೀಳಿ ನೋಡಿದೆ. ಹೊರಗೆ ಹೊಳೆಯುವಷ್ಟು ಬೆಳ್ಳಗಿದ್ದ ದಂಟಿನ ಮೂರನೆಯ ಪಟ್ಟೆಯ ಒಳಗೆ, ಪೆನ್ಸಿಲ್ ಗೆರೆಯಂತೆ ಮಣ್ಣು ಕೂತಿತ್ತು. ನಾಳೆ ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿಯನ್ನೇ ಮಾಡಿ, ಅತ್ತೆಯವರಿಗೆ ಮೊದಲು ಬಡಿಸುತ್ತೇನೆ.