ವಾಟ್ಸಾಪ್‌ನಲ್ಲಿ ಬಂದ ಲಗ್ನಪತ್ರಿಕೆ ಓಪನ್ ಮಾಡಿ ಅಂಗಡಿ ಸಿಸ್ಟಮ್‌ಗೆ ವೈರಸ್ ಹತ್ತಿದೆ, ಏನ್ ಮಾಡ್ಲಿ?

ಬಸ್‌ಸ್ಟ್ಯಾಂಡ್ ಜೆರಾಕ್ಸ್:
ಎಲ್ರಿಗೂ ನಮಸ್ಕಾರ. ನಂದು ತರೀಕೆರೆ ಕಡೆ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ. ಈಗ ಪೆನ್‌ಡ್ರೈವ್ ತರೋರು ಕಮ್ಮಿ, ಎಲ್ರೂ "ಅಣ್ಣಾ ವಾಟ್ಸಾಪ್ ನಂಬರ್ ಹೇಳಿ" ಅಂತಾರೆ ಅಂತ ನಂಬರ್ ಗೋಡೆ ಮೇಲೇ ದಪ್ಪಗೆ ಬರ್ದು ಅಂಟ್ಸಿದೀನಿ. ಆಧಾರ್, ಪಹಣಿ, ಹಾಲ್ ಟಿಕೆಟ್ ಏನೇ ಬಂದ್ರೂ ವಾಟ್ಸಾಪ್ ವೆಬ್‌ನಲ್ಲಿ ತೆಗ್ದು ಪ್ರಿಂಟ್ ಕೊಡೋದೇ ಕೆಲ್ಸ. ಮೊನ್ನೆ ಗುರುವಾರ ಪರಿಚಯದ ಮೇಷ್ಟ್ರ ನಂಬರಿಂದ ಒಂದು ಜಿಪ್ ಫೈಲ್ ಬಂತು, ಕೆಳಗೆ "ಲಗ್ನಪತ್ರಿಕೆ, ಕಂಪ್ಯೂಟರ್‌ನಲ್ಲೇ ಓಪನ್ ಮಾಡಿ" ಅಂತಿತ್ತು. ಅವ್ರ ಮಗಳ ಮದ್ವೆ ಇರೋದು ನಿಜ, ಪತ್ರಿಕೆ ಪ್ರಿಂಟ್ ಹಾಕ್ಸೋ ಮಾತೂ ಆಡಿದ್ರು, ಡೌಟ್ ಬರೋಕೆ ಕಾರಣಾನೇ ಇರ್ಲಿಲ್ಲ. ಎಕ್ಸ್‌ಟ್ರ್ಯಾಕ್ಟ್ ಮಾಡ್ದೆ, ಒಳಗೆ ಪಿಡಿಎಫ್ ಥರಾನೇ ಕೆಂಪು ಐಕಾನ್, ಡಬಲ್ ಕ್ಲಿಕ್ ಮಾಡಿದ್ರೆ ಕಪ್ಪು ವಿಂಡೋ ಒಂದು ಕಣ್ಣು ಮಿಟುಕ್ಸೋ ಅಷ್ಟ್ರಲ್ಲಿ ಬಂದು ಹೋಯ್ತು, ಆಮೇಲೆ ಏನೂ ಇಲ್ಲ. ಫೈಲ್ ಕರಪ್ಟ್ ಆಗಿರ್ಬೇಕು ಅನ್ಕೊಂಡು ಬೇರೆ ಗಿರಾಕಿ ಕಡೆ ತಿರುಗ್ದೆ. ಅರ್ಧ ಗಂಟೆಗೆ ಫೋನ್ ಮೇಲೆ ಫೋನ್, "ಏನಪ್ಪಾ ನಿಂಗೂ ಮದ್ವೇನಾ" ಅಂತ! ನನ್ ವಾಟ್ಸಾಪ್‌ನಿಂದ ಅದೇ ಜಿಪ್ ಕಸ್ಟಮರ್‌ಗಳಿಗೆಲ್ಲಾ ಹೋಗಿದೆ, ನಂಗೆ ಮದ್ವೆಯಾಗಿ ಹನ್ನೊಂದು ವರ್ಷ ಆಯ್ತು ಮಾರಾಯ್ರೆ. ಸಿಸ್ಟಮ್ ಆಫ್ ಮಾಡಿಟ್ಟಿದೀನಿ. ಫೈಲ್ ಡಿಲೀಟ್ ಮಾಡಿದ್ರೆ ಸಾಕಾ, ಫಾರ್ಮ್ಯಾಟೇ ಹೊಡೀಬೇಕಾ? ಮುಂದೆ ಹಿಂಗಾಗ್ದೆ ಇರೋಕೆ ಏನ್ ಮಾಡೋದು, ವಾಟ್ಸಾಪ್ ಬಿಟ್ರೆ ಅಂಗಡಿಗೆ ಬೀಗ ಹಾಕ್ಬೇಕು ಅಷ್ಟೇ.

ರಿಪೇರಿ ಮಂಜ:
ಆಫ್ ಮಾಡಿದ್ದು ಒಳ್ಳೇದಾಯ್ತು ಗುರು. ಮೊದ್ಲು ಮೊಬೈಲ್ ತಗೊಂಡು ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಒಳಗೆ ಹೋಗಿ ಇರೋದೆಲ್ಲಾ ಲಾಗೌಟ್ ಹೊಡೀರಿ, ಆಗ ಆ ಕಂಪ್ಯೂಟರಿಂದ ಮೆಸೇಜ್ ಹೋಗೋದು ನಿಲ್ಲತ್ತೆ. ಆಮೇಲೆ ಮೊಬೈಲಲ್ಲೇ ಜಿಮೇಲ್, ಫೇಸ್‌ಬುಕ್ ಪಾಸ್‌ವರ್ಡ್ ಬದಲಾಯ್ಸಿ "ಎಲ್ಲಾ ಡಿವೈಸ್‌ನಿಂದ ಲಾಗೌಟ್" ಅನ್ನೋದನ್ನೂ ಕೊಡಿ, ಯಾಕಂದ್ರೆ ಇಂಥವು ಪಾಸ್‌ವರ್ಡ್ ಕೇಳೋದೇ ಇಲ್ಲ, ಬ್ರೌಸರ್‌ನಲ್ಲಿ ಲಾಗಿನ್ ಆಗಿರೋ ಸೆಷನ್ ಫೈಲನ್ನೇ ಎತ್ಕೊಂಡು ಹೋಗ್ತವೆ. ವೈರಸ್ ಇರೋ ಸಿಸ್ಟಮ್‌ನಲ್ಲೇ ಕೂತು ಹೊಸ ಪಾಸ್‌ವರ್ಡ್ ಟೈಪ್ ಮಾಡಿದ್ರೆ ಹೊಸದನ್ನೂ ಅವ್ರ ಕೈಗೆ ಕೊಟ್ಟಂಗೆ.

ಆಮೇಲೆ ನೆಟ್ ಕೇಬಲ್ ಕಿತ್ತು ಸಿಸ್ಟಮ್ ಆನ್ ಮಾಡಿ, ವಿಂಡೋಸ್ ಸೆಕ್ಯುರಿಟಿ ಒಳಗೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್) ಆಫ್‌ಲೈನ್ ಸ್ಕ್ಯಾನ್ ಅಂತಿದೆ, ರೀಸ್ಟಾರ್ಟ್ ಆಗಿ ವಿಂಡೋಸ್ ಲೋಡ್ ಆಗೋಕೆ ಮುಂಚೇನೇ ಹುಡುಕತ್ತೆ, ಒಂದು ಕಾಲು ಗಂಟೆ. ನನ್ ಕೇಳಿದ್ರೆ ಅಂಗಡಿ ಸಿಸ್ಟಮ್, ಜನರ ಆಧಾರ್ ಎಲ್ಲಾ ಇರತ್ತೆ, ಡೇಟಾ ಬ್ಯಾಕಪ್ ತಗೊಂಡು ಫಾರ್ಮ್ಯಾಟ್ ಮಾಡೋದೇ ವಾಸಿ.

ಇನ್ನು ಆ ಪಿಡಿಎಫ್ ಪಿಡಿಎಫೇ ಅಲ್ಲ. ವಿಂಡೋಸ್ ಡೀಫಾಲ್ಟ್ ಆಗಿ ಫೈಲ್ ಹೆಸರಿನ ಬಾಲ ಮುಚ್ಚಿಡತ್ತೆ, ಲಗ್ನಪತ್ರಿಕೆ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅಂತಿದ್ರೆ ನಿಮಗೆ ಕಾಣೋದು ಪಿಡಿಎಫ್ ವರೆಗೆ ಮಾತ್ರ, ಐಕಾನ್ ಅಂತೂ ಯಾವ್ದು ಬೇಕಾದ್ರೂ ಹಾಕ್ಬೋದು. ಶಾರ್ಟ್‌ಕಟ್ ಫೈಲ್ ಆಗಿದ್ರಂತೂ ಬಾಲಾನೂ ಕಾಣಲ್ಲ, ಮೂಲೇಲಿ ಸಣ್ಣ ಬಾಣದ ಗುರ್ತು ಅಷ್ಟೇ. ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಮೆನುಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡ್ಕೊಳ್ಳಿ. ಯಾರು ಕಳ್ಸಿದ್ರು ಅಂತ ನೋಡೋಕಿಂತ ಬಾಲ ಯಾವ್ದು ಅಂತ ನೋಡಿ. ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಬ್ಯಾಟ್, ಜೆಎಸ್ ಥರದ ಪ್ರೋಗ್ರಾಮ್ ಓಡ್ಸೋ ಬಾಲ ಇದ್ರೆ ಹೆತ್ತವ್ವ ಕಳ್ಸಿದ್ರೂ ಮುಟ್ಬೇಡಿ. ಅಂದಂಗೆ ಡಿಫೆಂಡರ್ ಯಾಕೆ ಹಿಡೀಲಿಲ್ಲ? ಆಫ್ ಮಾಡಿಟ್ಟಿದ್ರಾ?

ಕೊಪ್ಪದ ಹುಡ್ಗಿ:
ಅಣ್ಣಾ ಕಂಪ್ಯೂಟರ್ ಒಂದೇ ಅಲ್ಲ, ನಿಮ್ ಮೊಬೈಲೂ ನೋಡ್ಕೊಳ್ಳಿ. ನಮ್ ಚಿಕ್ಕಪ್ಪಂಗೆ ಗಾಡಿ ಚಲನ್ ಅಂತ ಡಾಟ್ ಎಪಿಕೆ ಫೈಲ್ (ಮೊಬೈಲ್‌ಗೆ ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಬಂದಿತ್ತು, ಅದೂ ನಮ್ ಮನೆ ಗ್ರೂಪಿಗೇ, ನಮ್ ಅತ್ತೆ ನಂಬರಿಂದ! ಚಿಕ್ಕಪ್ಪ ಹೆಲ್ಮೆಟ್ ಇಲ್ದೆ ಪೇಟೆಗೆ ಹೋಗಿದ್ದು ನಿಜ, ಹೆದ್ರಿ ಇನ್‌ಸ್ಟಾಲ್ ಮಾಡಿದ್ರು. ಅದು ಎಸ್ಸೆಮ್ಮೆಸ್ ಓದೋಕೆ ಪರ್ಮಿಷನ್ ಕೇಳಿದೆ, ಇವ್ರು ಎಲ್ಲದಕ್ಕೂ ಅಲೋ ಅಲೋ ಅಂತ ಒತ್ತಿದಾರೆ, ಬರೋ ಓಟಿಪಿ ಎಲ್ಲಾ ಆ ಕಡೆ ಫಾರ್ವರ್ಡ್. ದುಡ್ಡು ಹೋಗಿದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ವಿ, ಬ್ಯಾಂಕಿಗೂ ಹೇಳಿ ಬ್ಲಾಕ್ ಮಾಡ್ಸಿದ್ವಿ, ಬೇಗ ಮಾಡಿದ್ದಕ್ಕೆ ಒಂದಷ್ಟು ಹೋಲ್ಡ್ ಆಗಿ ಉಳೀತು, ಉಳಿದಿದ್ದು ಹೋಯ್ತು. ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆಪ್ಸ್" ಅಂತ ಹುಡುಕಿ, ಅದ್ರಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಆಫ್ ಇದ್ಯಾ ನೋಡಿ. ಅಪ್ಪ ಅಮ್ಮನ ಫೋನಲ್ಲೂ ನೋಡಿ, ಅವ್ರಿಗೆ ಹೇಳಿ ಪ್ರಯೋಜನ ಇಲ್ಲ, ನೀವೇ ಆಫ್ ಮಾಡಿ ಸುಮ್ನಾಗಿ.

ಹಳೇ ಮಾನಿಟರ್:
ವಾಟ್ಸಾಪ್ ಬಂದ್ಮೇಲೆ ಹಿಂಗಾಯ್ತು, ಈಮೇಲೇ ವಾಸಿ ಅಂತ ಯಾರಾದ್ರೂ ಹೇಳೋ ಮುಂಚೆ ಹೇಳ್ಬಿಡ್ತೀನಿ. 2000ನೇ ಇಸವಿ ಮೇ ತಿಂಗಳಲ್ಲಿ ಐ ಲವ್ ಯೂ ಅಂತ ಒಂದು ಈಮೇಲ್ ವೈರಸ್ ಬಂದಿತ್ತಲ್ಲ, ಫಿಲಿಪೈನ್ಸ್‌ನಿಂದ ಹೊರಟು ಪ್ರಪಂಚ ಸುತ್ತಿದ್ದು, ಅದ್ರ ಅಟ್ಯಾಚ್‌ಮೆಂಟ್ ಹೆಸ್ರು ಟಿಎಕ್ಸ್‌ಟಿ ಅಂತ ಕಾಣ್ತಿತ್ತು, ನಿಜವಾದ ಬಾಲ ವಿಬಿಎಸ್. ಓಪನ್ ಮಾಡಿದ ತಕ್ಷಣ ಔಟ್‌ಲುಕ್ ಅಡ್ರೆಸ್ ಬುಕ್‌ನಲ್ಲಿ ಇದ್ದೋರಿಗೆಲ್ಲಾ ನಿಮ್ ಹೆಸ್ರಲ್ಲೇ ಹೋಗ್ತಿತ್ತು. ಅವತ್ತು ಪ್ರೇಮಪತ್ರ, ಇವತ್ತು ಲಗ್ನಪತ್ರಿಕೆ, ಇಪ್ಪತ್ತೈದು ವರ್ಷಕ್ಕೆ ಕಥೆ ಅಷ್ಟು ಮುಂದುವರ್ದಿದೆ 😄 ಬ್ರೆಜಿಲ್‌ನಲ್ಲಿ 2025ರಲ್ಲಿ ಥೇಟ್ ನಿಮಗಾದಂಗೆ ವಾಟ್ಸಾಪ್ ವೆಬ್ ಮೂಲಕ ಜಿಪ್ ಹರಡಿತ್ತು, ಅದ್ರಲ್ಲೂ ಕಂಪ್ಯೂಟರಲ್ಲಿ ಓಪನ್ ಮಾಡಿ ಅಂತಾನೇ ಬರೀತಿದ್ರು.

ಬ್ರೌಸರ್ ಬಿಟ್ಟು ವಿಂಡೋಸ್‌ಗೆ ಬರೋ ವಾಟ್ಸಾಪ್ ಆಪ್ ಹಾಕ್ಕೊಂಡಿರೋರು ಅಪ್‌ಡೇಟ್ ಮಾಡ್ಕೊಳ್ಳಿ, ಹಳೇ ವರ್ಷನ್‌ನಲ್ಲಿ ಫೈಲ್ ಒಂದು ಥರ ತೋರ್ಸಿ ಇನ್ನೊಂದು ಥರ ಓಪನ್ ಆಗೋ ದೋಷ ಇತ್ತು ಅಂತ 2025 ಏಪ್ರಿಲ್‌ನಲ್ಲಿ ಅವ್ರೇ ಹೇಳಿದ್ರು. ಡೌಟಿರೋ ಫೈಲನ್ನ ವೈರಸ್‌ಟೋಟಲ್ ಅನ್ನೋ ವೆಬ್‌ಸೈಟ್‌ಗೆ ಹಾಕಿ ಚೆಕ್ ಮಾಡ್ಬೋದು, ಆದ್ರೆ ಗಿರಾಕಿಗಳ ಆಧಾರ್, ಮಾರ್ಕ್ಸ್ ಕಾರ್ಡ್ ಅಲ್ಲಿ ಹಾಕೋಕ್ ಹೋಗ್ಬೇಡಿ, ಹಾಕಿದ ಫೈಲ್ ಬೇರೆ ಸೆಕ್ಯುರಿಟಿ ಕಂಪನಿಯವ್ರಿಗೂ ಸಿಗತ್ತೆ.

ಬಸ್‌ಸ್ಟ್ಯಾಂಡ್ ಜೆರಾಕ್ಸ್:
ಥ್ಯಾಂಕ್ಸ್ ಎಲ್ರಿಗೂ. ಮಂಜಣ್ಣ ನೀವ್ ಹೇಳಿದ್ ಸರಿ, ಹೇಳೋಕೇ ನಾಚ್ಕೆ, ಕ್ರ್ಯಾಕ್ ಸಾಫ್ಟ್‌ವೇರ್ ಒಂದು ಓಡ್ಲಿ ಅಂತ ಡಿಫೆಂಡರ್ ಆಫ್ ಮಾಡಿ ವರ್ಷ ಆಗಿತ್ತು. ನಿನ್ನೆ ಫಾರ್ಮ್ಯಾಟ್ ಮಾಡ್ಸಿದೆ. ಹೊಸ ವಿಂಡೋಸ್‌ನಲ್ಲಿ ಬಾಲ ತೋರ್ಸೋ ಟಿಕ್ ಮೊದ್ಲು ಹಾಕ್ದೆ, ದಿನಾ ಕೂರೋಕೆ ಅಡ್ಮಿನ್ ಅಲ್ದೇ ಇರೋ ಬೇರೆ ಯೂಸರ್ ಮಾಡ್ಕೊಂಡೆ. ಗೋಡೆ ಮೇಲಿನ ನಂಬರ್ ಕೆಳಗೆ "ಜಿಪ್ ಕಳಿಸಬೇಡಿ, ಪಿಡಿಎಫ್ ಅಥವಾ ಫೋಟೋ ಮಾತ್ರ" ಅಂತ ಸೇರ್ಸಿದೀನಿ. ಕಸ್ಟಮರ್‌ಗಳಿಗೆಲ್ಲಾ ಆ ಫೈಲ್ ಮುಟ್ಬೇಡಿ ಅಂತ ವಾಯ್ಸ್ ಮೆಸೇಜ್ ಕಳ್ಸಿದೆ, ಬರ್ದು ಕಳ್ಸಿದ್ರೆ ಅದನ್ನೂ ವೈರಸ್ಸೇ ಕಳ್ಸಿದ್ದು ಅನ್ಕೋತಾರೆ ಅಂತ. ಇಬ್ರು ಆಗ್ಲೇ ಓಪನ್ ಮಾಡಿದ್ರಂತೆ, ಅವ್ರ ಸಿಸ್ಟಮ್ ಸರಿ ಮಾಡ್ಸಿಕೊಡೋ ಖರ್ಚು ನಂದೇ.

ಇನ್ನೊಂದ್ ಕೇಳ್ಬೇಕಿತ್ತು. ಇವತ್ತು ಅದೇ ಮೇಷ್ಟ್ರು "ವಾಟ್ಸಾಪ್ ಸಹವಾಸವೇ ಬೇಡಪ್ಪಾ" ಅಂತ ಪತ್ರಿಕೆ ಮ್ಯಾಟರ್ ಪೆನ್‌ಡ್ರೈವ್‌ನಲ್ಲಿ ತಂದ್ರು. ಹಾಕಿ ನೋಡಿದ್ರೆ ಒಳಗಿರೋ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿ ಕೂತಿದಾವೆ. ಇದು ಇನ್ನೊಂದಾ?

ರಿಪೇರಿ ಮಂಜ:
ಹೂಂ ಇನ್ನೊಂದೇ. ಒಂದನ್ನೂ ಡಬಲ್ ಕ್ಲಿಕ್ ಮಾಡ್ಬೇಡಿ ಗುರು!! ಒರಿಜಿನಲ್ ಫೋಲ್ಡರ್ ಅಲ್ಲೇ ಹಿಡನ್ ಆಗಿರತ್ತೆ, ಎಲ್ಲೂ ಹೋಗಿಲ್ಲ. ಡಿಫೆಂಡರ್ ಆನ್ ಇದ್ಯಲ್ಲ, ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಟ್ಟು ಕೂತ್ಕೊಳ್ಳಿ, ಸಂಜೆ ಆ ಕಡೆ ಬರ್ತೀನಿ.