ಮಸೀದಿ ಮಳಿಗೆಗಳ ಬಾಡಿಗೆ ಏರಿಸಬೇಕೋ ಬೇಡವೋ?

ಶಿವಾಜಿನಗರದವ: ನಮ್ಮ ಮೊಹಲ್ಲಾದ ಮಸೀದಿಗೆ ಹಿಂದಿನವರು ವಕ್ಫ್ ಮಾಡಿಕೊಟ್ಟ, ಅಂದರೆ ಮಾರದೆ ಆದಾಯವನ್ನಷ್ಟೇ ಒಳ್ಳೆಯ ಕೆಲಸಕ್ಕೆ ಬಳಸಲೆಂದು ದಾನ ಬಿಟ್ಟ ಒಂಬತ್ತು ಮಳಿಗೆಗಳಿವೆ. ತಿಂಗಳ ಬಾಡಿಗೆ ತಲಾ 800 ರೂಪಾಯಿ. ಎದುರು ಸಾಲಿನಲ್ಲಿ ಅಷ್ಟೇ ಅಗಲದ ಅಂಗಡಿಗೆ 22 ಸಾವಿರ! ಮೊನ್ನೆ ಜಮಾಅತ್ ಸಭೆಯಲ್ಲಿ ಸೋಲಾರ್, ಇಂಗುಗುಂಡಿ, ಹೆಣ್ಣುಮಕ್ಕಳ ಹಾಸ್ಟೆಲ್ ಅಂತ ಪಟ್ಟಿ ಓದಿದರು. ಬಾಡಿಗೆ ಮಾತು ಎತ್ತಿದ್ದೇ ತಡ, ಅರ್ಧ ಜನ ಎದ್ದು ಹೋದರು. ದುಡ್ಡು ಎಲ್ಲಿಂದ ಬರಬೇಕು?

ಹೊಲಿಗೆಯವ: ಭಾಯ್, ನನ್ನದೂ ಅಂಥದ್ದೇ ಮಳಿಗೆ. ಅಬ್ಬಾ 1988ರಲ್ಲಿ ಪಗಡಿ (ಬಾಡಿಗೆಗೆ ಹಿಡಿಯುವಾಗ ಒಟ್ಟಿಗೆ ಕೊಡುವ ದುಡ್ಡು) ಕೊಟ್ಟು ಹಿಡಿದದ್ದು. ಸೋರುವ ಸೂರನ್ನು ಮೂರು ಸಲ ನಾವೇ ರಿಪೇರಿ ಮಾಡಿಸಿದ್ದೀವಿ. ಒಂದೇ ಏಟಿಗೆ 22 ಸಾವಿರ ಅಂದರೆ ಬೀಗ ಹಾಕಬೇಕಷ್ಟೇ. ವಕ್ಫ್ ಇರುವುದು ಬಡವರಿಗೆ ತಾನೆ?

ಲೆಕ್ಕದವ: ಬಡವರಿಗೇ. ಆದರೆ ಯಾವ ಬಡವರಿಗೆ? ಒಂಬತ್ತು ಬಾಡಿಗೆದಾರರಿಗೋ, ಇಡೀ ಮೊಹಲ್ಲಾಗೋ? ಮುಸ್ಲಿಮರ ಸ್ಥಿತಿಗತಿ ತಿಳಿಯಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿಯ 2006ರ ವರದಿ ನೋಡಿ: ದೇಶದ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿಂದ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 163 ಕೋಟಿ. ಸರಿಯಾಗಿ ಬಳಸಿದರೆ 12,000 ಕೋಟಿ ಬಂದೀತು ಅನ್ನುವುದು ಅವರ ಅಂದಾಜು. ಇಂಡೋನೇಷ್ಯಾದಲ್ಲಿ ಜನ ವಕ್ಫ್ ಕೊಟ್ಟ ಹಣವನ್ನು ಸರ್ಕಾರಿ ಸುಕೂಕ್‌ನಲ್ಲಿ (ಬಡ್ಡಿಯಿಲ್ಲದ ಇಸ್ಲಾಮಿಕ್ ಬಾಂಡ್) ತೊಡಗಿಸಿ, ಅದರ ಆದಾಯದಿಂದ ಅಲ್ಲಿನ ಬಾಂತೆನ್ ಪ್ರಾಂತ್ಯದ ವಕ್ಫ್ ಕಣ್ಣಾಸ್ಪತ್ರೆಗೆ ರೆಟಿನಾ ಕೇಂದ್ರ ಮಾಡಿಕೊಂಡರು. ಅಸಲು ಹಾಗೇ ಉಳಿಯಿತು.

ಜಯನಗರ ಅಕ್ಕ: ಇದು ನಮಗೂ ಹೊಸದಲ್ಲ. ಕೆರೆ ನೋಡಿಕೊಳ್ಳುವವರಿಗೆ ಕಟ್ಟುಕೊಡಗೆ ಅಂತ ಜಮೀನು ಬಿಡುತ್ತಿದ್ದರಲ್ಲ, ಅದರ ಫಸಲಲ್ಲಿ ಕೆರೆ ಉಳಿಯುತ್ತಿತ್ತು. ಒಂದು ಮಾತು ಮಾತ್ರ ಹೇಳಲೇಬೇಕು. 2024ರಲ್ಲಿ ಜಮೀನು ವಕ್ಫ್ ಆಸ್ತಿ ಅಂತ ವಿಜಯಪುರದ ರೈತರಿಗೆ ನೋಟಿಸ್ ಹೋದಾಗಿನಿಂದ ವಕ್ಫ್ ಅಂದರೆ ಜನ ಬೆಚ್ಚುತ್ತಾರೆ. ಯಾವ ಆಸ್ತಿ, ಎಷ್ಟು ಬಾಡಿಗೆ, ಎಲ್ಲಿ ಖರ್ಚು, ಎಲ್ಲವನ್ನೂ ಬಾಗಿಲಲ್ಲೇ ಬರೆದು ಹಾಕಿ.

ಶಿವಾಜಿನಗರದವ: ಒಪ್ಪಿದೆ ಅಕ್ಕ. ಸರ್ಕಾರ ಆ ನೋಟಿಸ್ ವಾಪಸ್ ಪಡೆಯಿತು, ಆದರೆ ರೈತರು ಪಟ್ಟ ಗಾಬರಿ ಸುಳ್ಳಲ್ಲ. ನಮ್ಮ ಲೆಕ್ಕ ಬೋರ್ಡ್ ಮೇಲೆ ಬರಲಿ, ವಕ್ಫ್ ಆಸ್ತಿ ನೋಡಿಕೊಳ್ಳುವ ಮುತವಲ್ಲಿ ಸಾಹೇಬರಿಗೆ ನಾನೇ ಹೇಳುತ್ತೇನೆ. ಹೊಲಿಗೆಯವರೇ, ಒಂದೇ ಏಟಿಗೆ ಬೇಡ. ವರ್ಷ ವರ್ಷ ಮೆಟ್ಟಿಲು ಮೆಟ್ಟಿಲಾಗಿ ಏರಿಸೋಣ, ರಿಪೇರಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕೈಯೊಡ್ಡಿದೆವು. ವುಜೂ ಮಾಡಿದ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದ) ನೀರು ಆಗಲೂ ಮೋರಿಗೆ ಹರಿಯುತ್ತಿತ್ತು, ಈಗಲೂ ಅಷ್ಟೆ. ಮದೀನಾದಲ್ಲಿ ಪ್ರವಾದಿಯವರ ಸಂಗಾತಿ ಹಜ್ರತ್ ಉಸ್ಮಾನ್ ರೂಮಾ ಬಾವಿ ಕೊಂಡು ಊರಿಗೇ ಬಿಟ್ಟ ಕಥೆಯನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ. ಮೊದಲ ಏರಿಕೆಯ ದುಡ್ಡು ಇಂಗುಗುಂಡಿಗೇ ಹೋಗಲಿ.

ಹೊಲಿಗೆಯವ: ಮೆಟ್ಟಿಲು ಮೆಟ್ಟಿಲಾಗಿ ಅಂದರೆ ನಾನು ತಯಾರು. ಮಾತು ಬರಹದಲ್ಲಿರಲಿ, ರಸೀದಿ ಕೊಡಲಿ. ಉಳಿದ ಎಂಟು ಜನರನ್ನು ಜುಮ್ಮಾ ನಮಾಜ್ ಆದ ಮೇಲೆ ನಾನೇ ಕರೆತರುತ್ತೇನೆ.