ಕೆಳದವಡೆ ಮುಂದಿದೆ: ಆಪರೇಷನ್ ಮಾಡಿಸಿದರೆ ಮುಖ ಎಷ್ಟು ಬದಲಾಗುತ್ತೆ?

ಗಂಗಾವತಿ_ಗೆಳೆಯ:
ತಂಗಿಗೆ 19. ಕೆಳದವಡೆ ಮುಂದಿದೆ, ಮುಂದಿನ ಹಲ್ಲಿಂದ ರೊಟ್ಟಿ ಕಡಿಯಾಕ ಆಗಲ್ಲ. ಮೊದಲು ಕ್ಲಿಪ್, ಆಮೇಲೆ ಆಪರೇಷನ್ ಅಂದಿದ್ದಾರೆ. ಬರೀ ಕ್ಲಿಪ್ ಸಾಲಲ್ವಾ? ಮುಖದ ಗುರುತೇ ಸಿಗದಂಗ ಆಗುತ್ತಾ? ಗೊತ್ತಿದ್ದವರು ಹೇಳ್ರಿ.

ಕ್ಲಿಪ್_ರಾಯಚೂರು:
ಈ ವಯಸ್ಸಿನಲ್ಲಿ ಕ್ಲಿಪ್ ಸರಿಸೋದು ಹಲ್ಲನ್ನ, ದವಡೆ ಎಲುಬನ್ನಲ್ಲ. ಎರಡು ದವಡೆಗಳ ನಡುವಿನ ವ್ಯತ್ಯಾಸ ಸಣ್ಣದಿದ್ದರೆ ಕ್ಲಿಪ್ಪಲ್ಲೇ ಮುಚ್ಚಬಹುದು. ದೊಡ್ಡದಿದ್ದರೆ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ 12–18 ತಿಂಗಳು ಕ್ಲಿಪ್ ಹಾಕಿ, ಒಳಕ್ಕೆ ವಾಲಿದ ಕೆಳಹಲ್ಲುಗಳನ್ನ ನೆಟ್ಟಗೆ ಮಾಡ್ತಾರೆ. ಆಗ ಕೆಳಗಿನ ಹಲ್ಲು, ತುಟಿ ಇನ್ನೂ ಮುಂದೆ ಬಂದು ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತೆ. ಮಂದಿ ಹೆದರಿ ಚಿಕಿತ್ಸೆ ಬಿಡೋದು ಇಲ್ಲೇ.

ನಮ್ಮ ಕಡೆಯದೇ ಇನ್ನೊಂದು ತೊಂದರೆ: ಫ್ಲೋರೈಡ್ ನೀರಿಂದ ಹಲ್ಲು ಕಂದಾಗಿದ್ದರೆ ಅಂಟು ಸರಿಯಾಗಿ ಹಿಡಿಯದೆ ಬ್ರಾಕೆಟ್ (ಹಲ್ಲಿಗೆ ಅಂಟಿಸೋ ಕ್ಲಿಪ್ಪಿನ ತುಣುಕು) ಪದೇಪದೇ ಉದುರುತ್ತೆ. ಮೊದಲೇ ಹೇಳಿಬಿಡಿ.

ದವಡೆ_ವಿಚಾರ:
ಯಾವ ದವಡೆ ಸರಿಸ್ತಾರೆ ಅಂತ ಕೇಳಿ. ಎಷ್ಟೋ ಸಲ ತಪ್ಪು ಕೆಳಗಿನದಲ್ಲ, ಮೇಲಿನದು ಹಿಂದುಳಿದಿರುತ್ತೆ. ಪಕ್ಕದಿಂದ ತೆಗೆದ ತಲೆ ಎಕ್ಸ್‌ರೇಯಲ್ಲಿ ಅಳತೆ ಸಿಗುತ್ತೆ. ಕೆಳದವಡೆಯನ್ನೇ ಬಹಳ ಹಿಂದಕ್ಕೆ ಒಯ್ದರೆ ನಾಲಿಗೆ ಹಿಂದಿನ ಉಸಿರಿನ ದಾರಿ ಕಿರಿದಾಗುತ್ತೆ. ಗೊರಕೆ ಇದ್ದರಂತೂ ಇದನ್ನ ಮುಚ್ಚಿಡಬಾರದು. ಅದಕ್ಕೇ ಮೇಲಿನದನ್ನ ಮುಂದೆ ತಂದು, ಕೆಳಗಿನದನ್ನ ಸ್ವಲ್ಪವೇ ಹಿಂದೆ ಸರಿಸೋದು.

ಮೇಲ್ದವಡೆ ಮುಂದೆ ಬಂದರೆ ಮೂಗಿನ ಬುಡ ಅಗಲವಾಗುತ್ತೆ. ಒಂದು ಹೊಲಿಗೆ ಹಾಕಿ ತಡೀತಾರೆ, ಪೂರ್ತಿ ಅಲ್ಲ. ಕೊಯ್ಯೋದು ಬಾಯೊಳಗೆ, ಎಲುಬನ್ನ ಟೈಟಾನಿಯಂ ಪ್ಲೇಟ್, ಸ್ಕ್ರೂ ಹಾಕಿ ಹಿಡಿಸ್ತಾರೆ. ಕೆಳದವಡೆ ಸೀಳುವಾಗ ಅದರೊಳಗಿನ ನರ ನೊಂದು ಕೆಳತುಟಿ, ಗದ್ದ ಜೋಮು ಹಿಡಿಯುತ್ತೆ. ಬಹಳ ಮಂದಿಗೆ ತಿಂಗಳುಗಳಲ್ಲಿ ತಗ್ಗುತ್ತೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತೆ. ಸಹಿ ಹಾಕೋ ಮುಂಚೆ ಇದನ್ನ ತಿಳಕೊಂಡಿರಲಿ.

ಊತ 2–3ನೇ ದಿನ ಜೋರು. ಆಗಿನ ಕನ್ನಡಿ ನಂಬಬೇಡಿ. ಖರೆ ಆಕಾರ ಕಾಣೋದು 6 ತಿಂಗಳ ಮೇಲೆ.

ಊಟದ_ಮಾತು:
ರೊಟ್ಟಿ, ಮಿರ್ಚಿ 6–8 ವಾರ ದೂರ. ಮೊದಲು ಬೇಳೆಕಟ್ಟು, ರಾಗಿ ಅಂಬಲಿ, ಮಜ್ಜಿಗೆ, ಎಲ್ಲ ಸೋಸಿ. ಗಂಜಿ ಒಂದನ್ನೇ ಕುಡಿಸಿದರೆ ತೂಕ ಇಳಿಯುತ್ತೆ. ಹಾಲು, ಪ್ರೋಟೀನ್ ಪುಡಿ ಸೇರಿಸಿ. ದವಡೆ ಬಿಗಿದ ರಬ್ಬರ್ ಇರೋವರೆಗೆ ಸಣ್ಣ ಕತ್ತರಿ ಕೈಗೆಟುಕಬೇಕು, ವಾಂತಿ ಬಂದರೆ ಕತ್ತರಿಸೋಕೆ. ಮೇಲ್ದವಡೆ ಮುಟ್ಟಿದ್ದರೆ ಮೊದಲ ವಾರಗಳಲ್ಲಿ ಜೋರಾಗಿ ಮೂಗು ಸೀಟೋದು ಬೇಡ.

ಗಂಗಾವತಿ_ಗೆಳೆಯ:
ಆಪರೇಷನ್ ಆದಮೇಲೆ ಕ್ಲಿಪ್ ತೆಗೀತಾರಾ?

ಕ್ಲಿಪ್_ರಾಯಚೂರು:
ಇಲ್ರಿ, ಇನ್ನೂ ಆರೇಳು ತಿಂಗಳು ಇರುತ್ತೆ, ಆಮೇಲೆ ಹಲ್ಲು ಮತ್ತೆ ಸರಿಯದಂಗ ಹಿಡಿಯೋ ರಿಟೇನರ್. ಬಳ್ಳಾರಿ, ರಾಯಚೂರು ಎರಡೂ ಕಡೆ ದಂತ ಕಾಲೇಜಿದೆ. ಕ್ಲಿಪ್ ಹಾಕೋರು, ಸರ್ಜನ್ ಇಬ್ಬರೂ ಒಟ್ಟಿಗೆ ಕೂತು ನೋಡೋ ಜಾಗಕ್ಕೇ ಹೋಗಿ.